ಎಂಟನೇ ನಿಯಮ ಮತ್ತು ಅತ್ತೆಯವರ ಡಬ್ಬಿ

ಮೂರು ತಾಲೂಕಿನ ಅಡುಗೆಮನೆಗಳನ್ನು ಒಂದೇ ಏಟಿಗೆ ಶಿಸ್ತಿಗೆ ತರಬಲ್ಲವಳು ಈ ಭೂಮಂಡಲದಲ್ಲಿ ನಾನೊಬ್ಬಳೇ ಎಂಬುದು ನನಗೆ ಮನವರಿಕೆಯಾದದ್ದು ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ! ಸಮಯ ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಆಗಷ್ಟೇ ಲಿಂಬೆ ಉಪ್ಪಿನಕಾಯಿಗೆ ಉಪ್ಪನ್ನು ಗ್ರಾಮಿನ ಲೆಕ್ಕದಲ್ಲಿ ತೂಗಿ ಬೆರೆಸಿ, ಗಡಿಯಾರ ನೋಡಿ, ಭರಣಿಗೆ ಚೀಟಿ ಅಂಟಿಸಿದ್ದೆ. ನಾನು ಬಿಎಸ್ಸಿ. ರಸಾಯನಶಾಸ್ತ್ರ. ಪ್ರಥಮ ದರ್ಜೆ. ಮದುವೆಯಾದ ಮೇಲೆ ಪ್ರಯೋಗಾಲಯ ಬಿಟ್ಟಿದ್ದೇನೆಯೇ ಹೊರತು ಪ್ರಯೋಗ ಬಿಟ್ಟಿಲ್ಲ.

ಸಂದರ್ಭ ಇಷ್ಟು. ಬೀದರಿನ ನಮ್ಮ ಓಣಿಯ ಎದುರುಮನೆಯ ಗುಲಶನ ಆಪಾ ಮತ್ತು ನಾನು ಸೇರಿ ವಾಟ್ಸಾಪಿನಲ್ಲಿ 'ಮನೆ ಮಾಲು ಬಳಗ' ಎಂಬ ಗುಂಪು ಕಟ್ಟಿದ್ದೆವು. ಮನೆಯಲ್ಲಿ ಮಾಡಿದ್ದನ್ನು ಮಾರಬಹುದು, ಇಲ್ಲವೇ ಮಾಲಿಗೆ ಮಾಲು ಬದಲಿಸಿಕೊಳ್ಳಬಹುದು. ಬೀದರಿನ ಶ್ಯಾವಿಗೆ ಭಾಲ್ಕಿಯ ಬೆಲ್ಲಕ್ಕೆ, ಔರಾದಿನ ತುಪ್ಪ ಬೀದರಿನ ಉಪ್ಪಿನಕಾಯಿಗೆ. ನಲವತ್ತಾರು ಮನೆಗಳು ಸೇರಿದ್ದವು. ಸಾಗಾಟಕ್ಕೆ ಆಪಾರ ಗಂಡ ಮಕ್ಬೂಲ ಭಾಯಿ ಇದ್ದರು. ಬೇಕರಿಯ ಬ್ರೆಡ್ಡು, ಟೋಸ್ಟು ತುಂಬಿದ ಗಾಡಿಯನ್ನು ಅವರು ಒಂದು ದಿನ ಭಾಲ್ಕಿ ಕಡೆ, ಮರುದಿನ ಔರಾದ ಕಡೆ ಓಡಿಸುತ್ತಾರೆ. ಬ್ರೆಡ್ಡಿನ ಟ್ರೇಗಳ ನಡುವೆ ನಮ್ಮ ಸ್ಟೀಲ್ ಡಬ್ಬಿಗಳೂ ಪ್ರಯಾಣ ಮಾಡುತ್ತಿದ್ದವು.

ಎಲ್ಲಾ ಸರಿ, ಆದರೆ ಅಳತೆ! "ಒಂದು ಬೊಗಸಿ ಹಪ್ಪಳದ ಹಿಟ್ಟು", "ಸಣ್ಣ ಡಬ್ಬಿ ತುಂಬ ಹಿಂಡಿ", "ಹೋದ ಸಲ ಕೊಟ್ಟಷ್ಟೇ ಶ್ಯಾವಿಗಿ"! ಯಾರ ಬೊಗಸೆ? ಎಷ್ಟು ಸಣ್ಣ ಡಬ್ಬಿ? ಹೋದ ಸಲ ಎಂದರೆ ಯಾವ ಸಲ? ಓದಿ ಓದಿ ನನ್ನೊಳಗಿನ ಪ್ರಥಮ ದರ್ಜೆ ಕುದಿಯಿತು. ಅಂದೇ ಕುಳಿತು ಏಳು ನಿಯಮಗಳನ್ನು ಬರೆದೆ. ಅವುಗಳಲ್ಲಿ ನಾಲ್ಕನೆಯದು ನನ್ನ ಹೆಮ್ಮೆಯ ಕೂಸು: "ಡಬ್ಬಿಯಲ್ಲಿ ಬಂದ ಯಾವುದೇ ಪದಾರ್ಥಕ್ಕೆ ಸಮನಾದ ಪದಾರ್ಥವನ್ನು ಮೂರು ದಿನಗಳೊಳಗೆ ತಪ್ಪದೆ ಕಳಿಸತಕ್ಕದ್ದು."

ನಮ್ಮವರಿಗೆ ಓದಿ ತೋರಿಸಿದೆ. ನಮ್ಮವರು ಧಮ್ಮಪಾಲ, ಪಶು ಚಿಕಿತ್ಸಾಲಯದಲ್ಲಿ ಕಂಪೌಂಡರ್. ಎಮ್ಮೆಗಳ ಜೊತೆ ಹದಿನಾಲ್ಕು ವರ್ಷ ಕಳೆದು ಮಾತಿನಲ್ಲಿ ಅವುಗಳ ನಿಧಾನವೇ ಬಂದಿದೆ. ಪೂರ್ತಿ ಓದಿ ಕಾಗದ ಮಡಚಿದರು.

"ಆಮ್ರಪಾಲಿ, ಇದು ಉಪ್ಪಿನಕಾಯಿ ಗ್ರೂಪೋ, ತಹಸೀಲ ಕಚೇರಿಯೋ?"

"ನಿಮಗ ತಿಳ್ಯಾಂಗಿಲ್ರಿ. ಲೆಕ್ಕ ಇಲ್ಲದ ಕಡಿ ವಿಜ್ಞಾನ ಇರಾಂಗಿಲ್ಲ."

"ಲೆಕ್ಕ ಇದ್ದ ಕಡಿ ಮಂದಿ ಇರಾಂಗಿಲ್ಲ ನೋಡು."

ಅಸೂಯೆ ಎಂದುಕೊಂಡೆ.

ಮೊದಲ ವಿನಿಮಯ ಭಾಲ್ಕಿ ತಾಲೂಕಿನ ಭಾತಂಬ್ರಾದ ಓಂಪ್ರಕಾಶ ಅಣ್ಣನವರ ಮನೆಯೊಂದಿಗೆ ನಡೆಯಿತು. ಅವರು ಒಂದು ಕಿಲೋ ಬೆಲ್ಲ ಕಳಿಸಿದರು, ನಾನು ಡಬ್ಬಿಯಲ್ಲಿ ಉಪ್ಪಿನಕಾಯಿ ಕಳಿಸಿದೆ. ಸಮೀಕರಣ ಸರಿಹೊಂದಿತು! ಮೂರನೇ ದಿನ ಡಬ್ಬಿ ವಾಪಸ್ ಬಂತು. ಮುಚ್ಚಳ ತೆಗೆದರೆ ಒಳಗೆ ಎರಡು ಹಿಡಿ ಪುಟಾಣಿ, ಎಂದರೆ ಹುರಿಗಡಲೆ.

ನಮ್ಮ ಕಡೆ ಯಾರೂ ಖಾಲಿ ಡಬ್ಬಿ ವಾಪಸ್ ಕೊಡುವುದಿಲ್ಲ. ಒಂದು ಚಮಚ ಸಕ್ಕರೆಯಾದರೂ ಹಾಕುತ್ತಾರೆ. ನನ್ನ ತಾಯಿ ಹಾಕುತ್ತಿದ್ದಳು, ಅಜ್ಜಿ ಹಾಕುತ್ತಿದ್ದಳು, ನಾನೂ ಹಾಕುತ್ತೇನೆ. ಉಸಿರಾಡುವಷ್ಟು ಸಹಜವಾದ ಸಂಗತಿಯಾದ್ದರಿಂದ ನಿಯಮ ಬರೆಯುವಾಗ ಅದು ನನ್ನ ನೆನಪಿಗೇ ಬರಲಿಲ್ಲ. ಆದರೆ ನಿಯಮ ನಿಯಮವೇ. ಪುಟಾಣಿ ಪದಾರ್ಥ ಹೌದೋ ಅಲ್ಲವೋ? ಹೌದು. ಸಮನಾದದ್ದು ಕಳಿಸತಕ್ಕದ್ದೋ ಅಲ್ಲವೋ? ತಕ್ಕದ್ದು! ತೂಗಿ ನೋಡಿ ಅಷ್ಟೇ ಶೇಂಗಾ ಹಾಕಿ ಡಬ್ಬಿ ಕಳಿಸಿದೆ.

ಅವರು ಶೇಂಗಾ ತೆಗೆದುಕೊಂಡು, ಖಾಲಿ ಹೇಗೆ ಕಳಿಸುವುದೆಂದು ನಾಲ್ಕು ನುಗ್ಗೆಕಾಯಿ ಮುರಿದು ಹಾಕಿದರು. ನಾನು ಸಂಡಿಗೆ ಕಳಿಸಿದೆ. ಅವರು ಹುಣಸೆ ಕಳಿಸಿದರು. ಹೀಗೆ ನಲವತ್ತಾರು ಮನೆಗಳಲ್ಲೂ ಶುರುವಾಯಿತು! ರಸಾಯನಶಾಸ್ತ್ರದಲ್ಲಿ ಇದಕ್ಕೆ ಸರಪಳಿ ಕ್ರಿಯೆ ಎನ್ನುತ್ತಾರೆ. ಒಂದು ಕಣ ಇನ್ನೊಂದನ್ನು ಎಬ್ಬಿಸುತ್ತದೆ, ಅದು ಮತ್ತೊಂದನ್ನು, ಕೊನೆಗೆ ಢಮಾರ್! ಎರಡು ವಾರದಲ್ಲಿ ಭಾತಂಬ್ರಾದ ಡಬ್ಬಿ ಏಳು ಸಲ ಹೋಗಿ ಬಂತು. ಏಳನೇ ಸಲ ಒಳಗಿದ್ದದ್ದು ಒಂದೇ ಒಂದು ಲಿಂಬೆಹಣ್ಣು.

"ಒಂದು ಲಿಂಬಿಹಣ್ಣಿಗಿ ಸಮ ಯಾವುದ್ರಿ?" ಎಂದು ನಮ್ಮವರನ್ನು ಕೇಳಿದೆ.

"ಇನ್ನೊಂದು ಲಿಂಬಿಹಣ್ಣು," ಎಂದರು ಪೇಪರಿನಿಂದ ತಲೆ ಎತ್ತದೆ.

ತರ್ಕ ನಿರ್ದೋಷವಾಗಿತ್ತು. ಕಳಿಸಿದೆ. ಮುಂದಿನ ಗಾಡಿಗೆ ನಾನು ಕಳಿಸಿದ ಅದೇ ಲಿಂಬೆ ವಾಪಸ್ ಬಂತು! ತೊಟ್ಟಿನ ಹತ್ತಿರದ ಕಂದು ಕಲೆಯಿಂದ ಗುರುತು ಹಿಡಿದೆ. ಎಂಬತ್ತು ಕಿಲೋಮೀಟರಿಗಿಂತ ಕಡಿಮೆಯಿಲ್ಲದಂತೆ ಓಡಾಡಿ ಪಾಪ ಅದು ಬಾಡಿತ್ತು.

ಮಕ್ಬೂಲ ಭಾಯಿ ಬಾಗಿಲಲ್ಲಿ ನಿಂತು ಕೈಮುಗಿದರು. "ಬಾಜಿ, ಗಾಡ್ಯಾಗ ಬ್ರೆಡ್ಡಿಗಿ ಜಾಗಾ ಇಲ್ರಿ. ಔರಾದ ಬಸ್ಟ್ಯಾಂಡಿನ್ಯಾಗ ಮಂದಿ ನನ್ನ ಭಾಂಡೆ ಮಾರಾಂವ ಅಂತ ತಿಳದಾರ. ನಿನ್ನಿ ಒಬ್ಬಾಕಿ ಹಳಿ ಸೀರಿ ಅರಬಿ ತಂದು, ಇದಕ್ಕ ಎಷ್ಟು ದೊಡ್ಡ ಡಬ್ಬಿ ಕೊಡ್ತೀರಿ ಅಂತ ಕೇಳ್ಯಾಳ!"

ನಾನು ನಗಲಿಲ್ಲ. ವಿಜ್ಞಾನಿ ಸೋಲುವುದಿಲ್ಲ, ಪ್ರಯೋಗದ ವಿಧಾನ ಬದಲಿಸುತ್ತಾಳೆ.

ಈ ಗದ್ದಲದ ನಡುವೆ ಔರಾದ ತಾಲೂಕಿನ ಚಿಂತಾಕಿಯ ವಜೀರಬೀ ಖಾಲಾ ಗುಂಪಿನಲ್ಲಿ ಧ್ವನಿ ಸಂದೇಶ ಹಾಕಿದರು. ಫೋನು ಅವರ ಸೊಸೆ ಆಯೆಶಾಳದು, ದನಿ ಖಾಲಾರದು. "ಎಮ್ಮಿ ಗಬ್ಬ ಅದ, ಹಾಲು ಬತ್ತ್ಯಾವ. ಇದು ಈ ಸಲದ್ದು ಕಡೀ ತುಪ್ಪ, ಒಂದು ಕಿಲೋ. ಯಾರರೇ ಎರಡು ಕಿಲೋ ಲಿಂಬಿ ಉಪ್ಪಿನಕಾಯಿ ಕೊಟ್ರ ಬೇಸ್." ಎಮ್ಮೆಯ ತುಪ್ಪ! ಕ್ಷಣಾರ್ಧದಲ್ಲಿ 'ನನಗೆ' ಎಂದು ಒತ್ತಿದೆ. ಮರುದಿನವೇ ತುಪ್ಪ ಬಂತು. ಉಪ್ಪಿನಕಾಯಿ ಸಿದ್ಧವಿತ್ತು. ಆದರೆ ಡಬ್ಬಿ? ನಮ್ಮ ಮನೆಯ ಅಷ್ಟೂ ಡಬ್ಬಿಗಳು ಮೂರು ತಾಲೂಕಿನಲ್ಲಿ ಸಂಚಾರದಲ್ಲಿದ್ದವು. ಅಡುಗೆಮನೆಯ ಗೋಡೆಯ ಮಾಡದ ಮೇಲೆ ಉಳಿದಿದ್ದದ್ದು ಒಂದೇ.

ಅತ್ತೆಯವರ ಡಬ್ಬಿ.

ಅದರ ಬಗ್ಗೆ ಹೇಳಲೇಬೇಕು. ನಮ್ಮತ್ತೆ ಸುಭದ್ರಾಬಾಯಿ ಭಾಲ್ಕಿಯ ಒಂದು ಹಾಸ್ಟೆಲಿನಲ್ಲಿ ಇಪ್ಪತ್ತೆಂಟು ವರ್ಷ ಅಡುಗೆ ಮಾಡಿದವರು. ಮೊದಲ ಪಗಾರದಲ್ಲಿ ಆ ಸ್ಟೀಲಿನ ಡಬ್ಬಿ ಕೊಂಡು, ಅಂಗಡಿಯವನಿಂದ ಅದರ ಹೊಟ್ಟೆಯ ಮೇಲೆ ತಮ್ಮ ಹೆಸರು ಕೊರೆಸಿದರು. ಆಗ ಅವರಿಗೆ ಓದಲು ಬರುತ್ತಿರಲಿಲ್ಲ. ಹಾಸ್ಟೆಲಿನ ಹುಡುಗಿಯರು ಮಧ್ಯಾಹ್ನದ ಬಿಡುವಿನಲ್ಲಿ ಡಬ್ಬಿಯ ಮೇಲಿನ ಒಂದೊಂದೇ ಅಕ್ಷರಕ್ಕೆ ಅವರ ಬೆರಳು ಇಡಿಸಿ ಕಲಿಸಿದರು. ಹೇಳಬೇಕೆಂದರೆ ಅತ್ತೆ ಓದಿದ ಮೊದಲ ಪುಸ್ತಕ ಆ ಡಬ್ಬಿ. ಈಗಲೂ ಅದನ್ನು ತೊಳೆಯುವಾಗ ಹೆಸರಿನ ಮೇಲೆ ಹೆಬ್ಬೆರಳು ಒಮ್ಮೆ ನಿಧಾನವಾಗಿ ಹೋಗುತ್ತದೆ. ನನಗೂ ಅದನ್ನು ತೊಳೆಯಲು ಕೊಡುವುದಿಲ್ಲ.

ಅತ್ತೆ ಆಗ ನಾದಿನಿಯ ಬಾಣಂತನಕ್ಕೆಂದು ಉದಗೀರಕ್ಕೆ ಹೋಗಿದ್ದರು. ನಲವತ್ತು ದಿನ. ಹತ್ತೊಂಬತ್ತು ಮುಗಿದಿದ್ದವು. ಡಬ್ಬಿ ಮೂರು ದಿನದಲ್ಲಿ ಮರಳುತ್ತದೆ. ನಲವತ್ತರಲ್ಲಿ ಹತ್ತೊಂಬತ್ತು ಕಳೆದು, ಅದರಲ್ಲಿ ಮೂರು ಕಳೆದರೆ ಹದಿನೆಂಟು ದಿನದ ಸುರಕ್ಷಿತ ಅಂತರ!

"ಅದನ್ನ ಮುಟ್ಟಬ್ಯಾಡ," ಎಂದರು ನಮ್ಮವರು. ಈ ಸಲ ಪೇಪರಿನಿಂದ ತಲೆ ಎತ್ತಿದ್ದರು.

"ಹದಿನೆಂಟು ದಿವಸ ಅಂತರ ಅದರಿ!"

"ಅವ್ವ ಲೆಕ್ಕ ಹಚ್ಚಿ ಡಬ್ಬಿ ನೋಡಾಂಗಿಲ್ಲ. ಕಣ್ಣಿಲಿ ನೋಡ್ತಾಳ."

ನಾನು ಡಬ್ಬಿಯಲ್ಲಿದ್ದದ್ದನ್ನು ಪ್ಲಾಸ್ಟಿಕ್ ಬಾಟಲಿಗೆ ಸುರಿದು, ಉಪ್ಪಿನಕಾಯಿ ತುಂಬಿ, ಫೋಟೊ ತೆಗೆದು ಗುಂಪಿಗೆ ಹಾಕಿ, ಚಿಂತಾಕಿಗೆ ಕಳಿಸಿಬಿಟ್ಟೆ. ಫೋಟೊದಲ್ಲಿ ಕೊರೆದ ಹೆಸರು ಫಳಫಳ ಹೊಳೆಯುತ್ತಿತ್ತು. ಹತ್ತು ನಿಮಿಷದಲ್ಲಿ ಹದಿಮೂರು ಜನ ಬರೆದರು: "ನಮಗೂ ಸುಭದ್ರಾಬಾಯಿ ಉಪ್ಪಿನಕಾಯಿ ಬೇಕು." ಉಪ್ಪು ತೂಗಿದವಳು ನಾನು, ಹೆಸರು ಡಬ್ಬಿಗೆ! ಇರಲಿ.

ಅದೇ ಸಂಜೆ ಆ ಬಾಡಿದ ಲಿಂಬೆ ನಾಲ್ಕನೇ ಸಲ ವಾಪಸ್ ಬಂತು. ನನ್ನ ತಾಳ್ಮೆ ಮುಗಿಯಿತು. ಎಂಟನೇ ನಿಯಮ ಹೊರಡಿಸಿದೆ: "ಇನ್ನು ಮುಂದೆ ಡಬ್ಬಿಗಳು ಪೂರ್ತಿ ಖಾಲಿಯಾಗಿ ಬರತಕ್ಕದ್ದು, ಇಲ್ಲವೇ ಕಂಠದವರೆಗೆ ತುಂಬಿ ಬರತಕ್ಕದ್ದು. ಹಿಡಿ ಸಕ್ಕರೆ, ಒಂಟಿ ಲಿಂಬೆಹಣ್ಣು ಮುಂತಾದ ಅರ್ಧಂಬರ್ಧ ಡಬ್ಬಿಗಳನ್ನು ಸ್ವೀಕರಿಸಲಾಗುವುದಿಲ್ಲ."

ಸರಪಳಿ ತಕ್ಷಣ ತುಂಡಾಯಿತು. ಎಷ್ಟು ತುಂಡಾಯಿತೆಂದರೆ ಮರುದಿನ ಒಂದೂ ಡಬ್ಬಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ವಾರವಾದರೂ ಇಲ್ಲ! ಮಕ್ಬೂಲ ಭಾಯಿಯ ಗಾಡಿಯಲ್ಲಿ ಈಗ ಬ್ರೆಡ್ಡು ಕಾಲು ಚಾಚಿ ಮಲಗುತ್ತಿತ್ತು.

"ಏನಾಗ್ಯದ ಆಪಾ?" ಎಂದು ಗುಲಶನ ಆಪಾರನ್ನು ಕೇಳಿದೆ.

"ಏನಾಗ್ಬೇಕವ್ವಾ! ಖಾಲಿ ಡಬ್ಬಿ ಕೊಡ್ಲಿಕ್ಕ ಯಾರಿಗೂ ಕೈ ಬರಾಂಗಿಲ್ಲ. ಪೂರಾ ತುಂಬಿ ಕೊಡ್ಲಿಕ್ಕ ಯಾರ ಹತ್ರಾನೂ ಮಾಲಿಲ್ಲ. ಒಂದು ಹಿಡಿ ಸಕ್ಕರಿ ಹಾಕಿ ಕಳಸ್ತಿದ್ರು, ಅದಕ್ಕ ನೀ ಬಂದಿ ಮಾಡಿದಿ. ಎಲ್ಲಾರೂ ಡಬ್ಬಿ ಮುಂದ ಇಟ್ಕೊಂಡು ಕುಂತಾರ. ನನ್ನ ಮನ್ಯಾಗ ನಿಂದೇ ಮೂರು ಅವ. ಇಲ್ಲೇ ಎದುರಿಗಿ ಅದೀನಿ, ಆದ್ರೂ ಕೊಡ್ಲಿಕ್ಕ ಶರಮು ಬರ್ತದ."

ಮೊದಲು ಸ್ಫೋಟ, ಈಗ ಹೆಪ್ಪು! ಅತ್ತೆಯವರ ಡಬ್ಬಿಯೂ ಆ ಹೆಪ್ಪಿನೊಳಗೇ ಸಿಕ್ಕಿಕೊಂಡಿತ್ತು. ಔರಾದ ಕಡೆ ಗಾಡಿ ಹೋದಾಗೆಲ್ಲ ಮಕ್ಬೂಲ ಭಾಯಿಗೆ ಜ್ಞಾಪಿಸಿದೆ. ಪ್ರತಿ ಸಲ ಒಂದೇ ಉತ್ತರ ಬಂತು: "ಖಾಲಾ ಈಗ ಕೊಡಲ್ಲ ಅಂತಾರ್ರಿ. ಇನ್ನೂ ಟೈಮ್ ಅದ ಅಂತಾರ." ಆಯೆಶಾಳಿಗೆ ಫೋನ್ ಮಾಡಿದೆ. "ಅತ್ತಿ ಡಬ್ಬಿ ಮುಟ್ಟಲಿಕ್ಕೂ ಬಿಡಾಂಗಿಲ್ರಿ ಅಕ್ಕಾ," ಎಂದು ಪಿಸುಗುಟ್ಟಿದಳು. ಆ ಖಾಲಾಗೆ ಡಬ್ಬಿಯ ಮೇಲೆ ಮನಸ್ಸಾಗಿದೆಯೇ?

ಶನಿವಾರ ಬೆಳಿಗ್ಗೆ ಉದಗೀರದಿಂದ ಫೋನ್ ಬಂತು.

"ಆಮ್ರಪಾಲಿ, ನಾಳಿ ಐತವಾರ ನಾಕರ ಬಸ್ಸಿಗಿ ಬರ್ತೇನಿ. ಎಲ್ಲಾ ಛಲೋ ಅದ ಅಲ್ಲ?"

"ಎಲ್ಲಾ ಇದ್ದಲ್ಲೇ ಅದರಿ ಅತ್ತಿ," ಎಂದೆ. ಬಿಎಸ್ಸಿ ಮುಗಿದ ಮೇಲೆ ನಾನು ಕೊಟ್ಟ ಮೊದಲ ತಪ್ಪು ಮಾಪನ.

ನಮ್ಮವರಿಗೆ ಅಂದು ಲಸಿಕೆ ಶಿಬಿರ, ರಜೆ ಇಲ್ಲ. ಹಾಗಾಗಿ ಭಾನುವಾರ ಬೆಳಿಗ್ಗೆ ಏಳಕ್ಕೆ ಬೈಕು ಹತ್ತಿದೆವು. ನನ್ನ ಚೀಲದಲ್ಲಿ ಇದ್ದದ್ದು ನಿಯಮಾವಳಿಯ ಎರಡು ಹಾಳೆ, ಹೊಸದಾಗಿ ಕೊಂಡ ಮೂರು ಲೀಟರಿನ ಡಬ್ಬಿ ಒಂದು, ಮತ್ತು ದೃಢಸಂಕಲ್ಪ. ಅತ್ತೆಯವರ ಡಬ್ಬಿ ಹಿಡಿಸುವುದು ಎರಡು ಲೀಟರ್ ಇನ್ನೂರು ಮಿಲಿ. ಖಾಲಾಗೆ ಅದು ಅಷ್ಟು ಇಷ್ಟವಾಗಿದ್ದರೆ ಎಂಟುನೂರು ಮಿಲಿ ಹೆಚ್ಚಿನದನ್ನು ಕೊಟ್ಟು ಬಿಡಿಸಿಕೊಳ್ಳುವುದೆಂದು ಯೋಚಿಸಿದ್ದೆ.

"ಕೊಡ್ಲಿಲ್ಲ ಅಂದ್ರ?" ಎಂದರು ನಮ್ಮವರು ಔರಾದ ದಾಟಿದ ಮೇಲೆ.

"ಡಬ್ಬಿ ಇಲ್ಲದ ನಾ ಚಿಂತಾಕಿ ಬಿಡಾಂಗಿಲ್ಲ!"

"ಹಂಗಾದ್ರ ನಾಕಕ್ಕ ಅವ್ವನ ಬಸ್ಟ್ಯಾಂಡಿನಿಂದ ಕರಕೊಂಡ ಬಂದು, ನಿನ್ನ ಹೊಸಾ ವಿಳಾಸ ಕೊಡ್ತೇನಿ."

ಒಂಬತ್ತಕ್ಕೆ ವಜೀರಬೀ ಖಾಲಾರ ಅಂಗಳದಲ್ಲಿ ಇಳಿದೆವು. ಹುಲ್ಲಿನ ಬಣವೆಯ ಪಕ್ಕ ಒಂದು ಭಾರೀ ಎಮ್ಮೆ ಕಾಲು ಬದಲಿಸುತ್ತ ನಿಂತಿತ್ತು. ನನ್ನ ಎದೆಯ ಎತ್ತರಕ್ಕೂ ಬಾರದ ಮುದುಕಿಯೊಬ್ಬರು ಒಳಗಿನಿಂದ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀನಾ ಸುಭದ್ರಾಬಾಯಿ? ಇಷ್ಟ ಸಣ್ಣಾಕಿ?"

"ಅಲ್ರಿ ಖಾಲಾ, ಆಕಿ ನಮ್ಮತ್ತಿ. ಉಪ್ಪಿನಕಾಯಿ ಮಾಡ್ದಾಕಿ ನಾನು."

"ಹೌದಾ? ಅದಕ್ಕೇ ಉಪ್ಪ ಒಂಚೂರು ಹೆಚ್ಚಾಗ್ಯದ. ಅತ್ತಿನ್ನ ಕೇಳಿ ಹಾಕು."

ಗ್ರಾಮಿನ ಲೆಕ್ಕದಲ್ಲಿ ತೂಗಿದ ಉಪ್ಪು! ನುಂಗಿಕೊಂಡೆ. ಡಬ್ಬಿ ಎಲ್ಲಿ ಎಂದು ಕೇಳಿದೆ. ಖಾಲಾ ನಡುಮನೆಯ ಗೂಡಿನತ್ತ ಕೈ ತೋರಿಸಿದರು. ಬೂದಿ ಹಾಕಿ ತಿಕ್ಕಿ, ಬಿಳಿ ಬಟ್ಟೆ ಹೊದಿಸಿ ಇಟ್ಟಿದ್ದರು. ಬಟ್ಟೆ ಸರಿಸಿದರೆ ಹೆಸರಿನ ಒಂದೊಂದು ಅಕ್ಷರವೂ ಮೊನ್ನೆ ಕೊರೆದಂತೆ ಹೊಳೆಯುತ್ತಿತ್ತು. ನಮ್ಮ ಮನೆಯಲ್ಲಿದ್ದಾಗಲೂ ಅದು ಇಷ್ಟು ಹೊಳೆದಿರಲಿಲ್ಲ. ಕೈ ಚಾಚಿದೆ. ಖಾಲಾ ನನ್ನ ಕೈ ಹಿಡಿದರು.

"ಖಾಲಿ ಅದ."

"ಇರ್ಲಿ ಬಿಡ್ರಿ ಖಾಲಾ! ನಿಯಮದಾಗ ಖಾಲಿ ನಡೀತದ," ಎಂದು ಚೀಲದಿಂದ ಹಾಳೆ ತೆಗೆದೆ.

"ನಿನ್ನ ರೂಲು ಆಯೆಶಾ ಓದಿ ಹೇಳ್ಯಾಳ. ನಾ ಹಿಡಿ ಬೆಲ್ಲ ಹಾಕಿ ಅವತ್ತೇ ಕಳಸೋಳಿದ್ದೆ. ಅಷ್ಟರಾಗ ಅರ್ಧ ನಡ್ಯಾಂಗಿಲ್ಲ ಅಂತ ಬಂತು. ಖಾಲಿ ಅಂತೂ ನನ್ನ ಜಲ್ಮದಾಗ ಕಳಸಿಲ್ಲ. ಇನ್ನ ಉಳದದ್ದು ಪೂರಾ ತುಂಬೋದು. ಅದಕ್ಕ ಇದರ ಹಾದಿ ಕಾಯ್ಲಿಕತ್ತೀನಿ," ಎಂದು ಎಮ್ಮೆಯನ್ನು ತೋರಿಸಿದರು. "ಕರ ಹಾಕಿದ ಮ್ಯಾಲ ಮೊದಲ ಗಿಣ್ಣದ ಹಾಲು ನಿಮ್ಮ ಡಬ್ಬಿಗೇ ಅಂತ ಅಂದ್ಕೊಂಡೀನಿ."

ಇಪ್ಪತ್ತು ದಿನದಿಂದ ನನ್ನ ಎಂಟನೇ ನಿಯಮವನ್ನು ಇಡೀ ಬಳಗದಲ್ಲಿ ಅಕ್ಷರಶಃ ಪಾಲಿಸಲು ಹೊರಟವರು ಇವರೊಬ್ಬರೇ! ನಾನು ಇವರನ್ನೇ ಕಳ್ಳಿ ಎಂದುಕೊಂಡಿದ್ದೆ. ಮುಖ ಬಿಸಿಯಾಯಿತು. ಆದರೆ ಗಡಿಯಾರ ಒಂಬತ್ತು ಇಪ್ಪತ್ತು ತೋರಿಸುತ್ತಿತ್ತು.

"ಖಾಲಾ, ನಮ್ಮತ್ತಿ ಇವತ್ತ ನಾಕಕ್ಕ ಬರ್ತಾರ್ರಿ. ಅವರಿಗಿ ಗೊತ್ತಿಲ್ಲದ ಕೊಟ್ಟೀನಿ. ಖಾಲಿನೇ ಕೊಟ್ಬಿಡ್ರಿ."

ಖಾಲಾ ಸೊಂಟದ ಮೇಲೆ ಕೈ ಇಟ್ಟುಕೊಂಡರು. "ಹಂಗಾದ್ರ ಅಂತೂ ಖಾಲಿ ಕೊಡಾಂಗಿಲ್ಲ! ಹೇಳದ ಒಯ್ದದ್ದು ಒಂದು ತಪ್ಪು, ಖಾಲಿ ತಂದದ್ದು ಎರಡನೇದು. ಎರಡೂ ನಿನ್ನ ತಲಿ ಮ್ಯಾಲ ಬರ್ತಾವ, ಹುಚ್ಚಿ!"

ನಾನು ನಮ್ಮವರತ್ತ ತಿರುಗಿದೆ. ಅವರು ಆಗಲೇ ತೋಳು ಮಡಚಿ ಎಮ್ಮೆಯ ಬಾಲದ ಬುಡ ಒತ್ತಿ ನೋಡುತ್ತಿದ್ದರು.

"ಇವತ್ತೇ ಹಾಕ್ತದ," ಎಂದರು.

"ಎಷ್ಟು ಗಂಟಿಗ್ರಿ?"

"ಅದು ಎಮ್ಮಿಗಿ ನಿನ್ನ ನಿಯಮ ಗೊತ್ತದೋ ಇಲ್ಲೋ ಅದರ ಮ್ಯಾಲ."

ಕಾಯ್ದೆವು. ಹತ್ತಾಯಿತು, ಹನ್ನೊಂದಾಯಿತು. ನಾನು ಪ್ರತಿ ಹತ್ತು ನಿಮಿಷಕ್ಕೆ ಎಮ್ಮೆಯ ಚಲನವಲನ ಹಾಳೆಯ ಹಿಂದೆ ಬರೆದುಕೊಂಡೆ. ಎಮ್ಮೆ ಮಲಗಿತು, ಎದ್ದಿತು, ನನ್ನತ್ತ ನೋಡಿ ಮತ್ತೆ ಮಲಗಿತು. ಜಗತ್ತಿನ ಯಾವ ಪ್ರಾಣಿಯೂ ನನ್ನನ್ನು ಅಷ್ಟು ತಾತ್ಸಾರದಿಂದ ನೋಡಿರಲಿಲ್ಲ. ಹನ್ನೆರಡರ ಹೊತ್ತಿಗೆ ಅದು ಒಮ್ಮೆ ನರಳಿತು. ನಮ್ಮವರ ಮುಖ ಬದಲಾಯಿತು.

"ಒಂದು ಕಾಲು ಮಡಚ್ಯದ. ಆಯೆಶಾ, ಬಿಸಿನೀರು ತಾರವ್ವಾ. ಆಮ್ರಪಾಲಿ, ಹಗ್ಗ ಹಿಡಿ. ಬಿಡಬ್ಯಾಡ."

ಮುಂದಿನ ನಲವತ್ತು ನಿಮಿಷ ನಾನು ಡಬ್ಬಿಯನ್ನು ಮರೆತೆ. ಖಾಲಾ ಎಮ್ಮೆಯ ಹಣೆಗೆ ಹಣೆ ಹಚ್ಚಿ ಕೂತು, "ನನ್ನವ್ವಾ, ನನ್ನ ರಾಣಿ," ಎನ್ನುತ್ತಿದ್ದರು. ನಮ್ಮವರು ಮೊಣಕೈವರೆಗೆ ಕೈ ಇಟ್ಟು, ಕಣ್ಣು ಮುಚ್ಚಿ, ಒಳಗಿನ ಕಾಲನ್ನು ಬೆರಳಿನಲ್ಲೇ ಹುಡುಕಿ ಬಿಡಿಸಿದರು. ಯಾವ ಗಡಿಯಾರವನ್ನೂ ನೋಡದೆ, ಅವಸರವಿಲ್ಲದೆ. ಎಮ್ಮೆಯ ನಿಧಾನ ಎಂದು ನಾನು ಹಾಸ್ಯ ಮಾಡುತ್ತಿದ್ದದ್ದು ಇದನ್ನೇ. ಹನ್ನೆರಡು ನಲವತ್ತಕ್ಕೆ ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಉಸಿರಾಡಲಿಲ್ಲ!

"ಮೂಗು! ಮೂಗು ಒರಸು!"

ಖಾಲಾ ಕೈಗೆ ಸಿಕ್ಕದ್ದನ್ನು ಕಿತ್ತುಕೊಂಡು ಕರುವಿನ ಮೂಗು, ಬಾಯಿ ಒರೆಸಿದರು. ಕರು ಸೀನಿತು. ಕಣ್ಣು ತೆರೆಯಿತು. ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟೆವು. ಖಾಲಾರ ಕೈಯಲ್ಲಿ ಒದ್ದೆಯಾಗಿ ಮುದ್ದೆಯಾಗಿದ್ದದ್ದು ನನ್ನ ನಿಯಮಾವಳಿ. ಅದು ಬರೆದಂದಿನಿಂದ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

"ಹಾಲು?" ಎಂದೆ ಮೆಲ್ಲಗೆ.

"ಮೊದಲ ಕರ ಕುಡೀಲಿ," ಎಂದರು ನಮ್ಮವರು. "ಇದಕ್ಕೂ ನಿಯಮ ಅದ."

ಕರು ಎದ್ದು, ಬಿದ್ದು, ಮತ್ತೆ ಎದ್ದು, ಕುಡಿದು ಮುಗಿಸಿದಾಗ ಎರಡಾಗಲು ಐದು ನಿಮಿಷ. ಖಾಲಾ ಅತ್ತೆಯವರ ಡಬ್ಬಿಯನ್ನು ಮೊಣಕಾಲ ನಡುವೆ ಹಿಡಿದು ಕೂತರು. ಹಳದಿ ಬಣ್ಣದ ದಪ್ಪ ಗಿಣ್ಣದ ಹಾಲು ಕಂಠದವರೆಗೆ, ಎಂಟನೇ ನಿಯಮದ ಪ್ರಕಾರ, ತುಂಬಿತು. ಮುಚ್ಚಳದ ಮೇಲೆ ಬಿಳಿ ಬಟ್ಟೆ ಕಟ್ಟಿ ನನ್ನ ಕೈಗೆ ಕೊಟ್ಟು, "ಈಗ ಹೋಗು. ಸುಭದ್ರಾಬಾಯಿಗಿ ಸಲಾಂ ಹೇಳು," ಎಂದರು. ನಾನು ಹೊಸ ಮೂರು ಲೀಟರಿನ ಡಬ್ಬಿ ಕೊಡಲು ಹೋದೆ. ಮುಚ್ಚಳ ತೆಗೆದು ನೋಡಿ, "ಖಾಲಿ ತಂದೀಯಲ್ಲ!" ಎಂದು ಹಣೆ ಚಚ್ಚಿಕೊಂಡರು.

ದಾರಿಯುದ್ದಕ್ಕೂ ಡಬ್ಬಿಯನ್ನು ನಮ್ಮವರ ಬೆನ್ನಿಗೆ ಒತ್ತಿ ಹಿಡಿದಿದ್ದೆ. ಪ್ರತಿ ತೆಗ್ಗಿಗೆ ಒಂದಿಷ್ಟು ಹಾಲು ಅವರ ಅಂಗಿಗೆ ಇಳಿಯುತ್ತಿತ್ತು. ಮನೆ ಮುಟ್ಟಿದಾಗ ಮೂರು ಐವತ್ತು. ಗಿಣ್ಣದ ಹಾಲನ್ನು ಪಾತ್ರೆಗೆ ಸುರಿದೆ. ಡಬ್ಬಿ ತೊಳೆದೆ, ಒರೆಸಿದೆ, ಮೂಸಿದೆ, ಮತ್ತೆ ತೊಳೆದೆ. ಮಾಡದ ಮೇಲಿನ ಧೂಳಿನಲ್ಲಿ ಅದರ ತಳದ ಗುಂಡನೆ ಗುರುತು ಇನ್ನೂ ಇತ್ತು. ಆ ಗುರುತಿಗೆ ಸರಿಯಾಗಿ, ಹೆಸರು ಬಾಗಿಲ ಕಡೆ ಬರುವಂತೆ, ಒಂದು ಕೂದಲೆಳೆ ವ್ಯತ್ಯಾಸವಿಲ್ಲದೆ ಇಟ್ಟೆ. ಸಂಪೂರ್ಣ ಯಶಸ್ಸು!

ನಾಲ್ಕು ಇಪ್ಪತ್ತೈದಕ್ಕೆ ಅತ್ತೆ ಬಂದರು. ಕಾಲು ತೊಳೆದರು, ನೀರು ಕುಡಿದರು, ಮೊಮ್ಮಗುವಿನ ಫೋಟೊ ತೋರಿಸಿದರು. ಆಮೇಲೆ ಅಡುಗೆಮನೆಗೆ ಹೋಗಿ ಡಬ್ಬಿ ಇಳಿಸಿದರು. ಹೆಬ್ಬೆರಳು ಹೆಸರಿನ ಮೇಲೆ ನಿಧಾನವಾಗಿ ಹೋಯಿತು. ಅತ್ತೆ ಮುಚ್ಚಳ ತೆಗೆದರು.

"ಆಮ್ರಪಾಲಿ."

"ರೀ ಅತ್ತಿ."

"ನಾ ಇದರಾಗ ಅಗಸಿ ಹಿಂಡಿ ತುಂಬಿ ಇಟ್ಟು ಹೋಗಿದ್ನಲ್ಲ?"

ಧೂಳಿನ ಗುರುತು ನೆನಪಿತ್ತು. ಹೆಸರಿನ ದಿಕ್ಕು ನೆನಪಿತ್ತು. ಇಪ್ಪತ್ತೊಂದು ದಿನದ ಹಿಂದೆ ನನ್ನ ಕೈಯಾರೆ ಪ್ಲಾಸ್ಟಿಕ್ ಬಾಟಲಿಗೆ ಸುರಿದ ಹಿಂಡಿ, ಆ ಅಗಸೆ ಚಟ್ನಿಪುಡಿ ಮಾತ್ರ ನೆನಪಿಗೆ ಬರಲಿಲ್ಲ! ಇಡೀ ಜಿಲ್ಲೆಯಲ್ಲಿ ಖಾಲಿ ಡಬ್ಬಿ ವಾಪಸ್ ಮಾಡಿದ ಏಕೈಕ ಹೆಣ್ಣುಮಗಳು ನಾನೇ, ಅದೂ ಅತ್ತೆಗೆ!

"ಧಮ್ಮಾ, ಇಲ್ಲಿ ಬಾ," ಎಂದರು ಅತ್ತೆ. ಮಗನ ಬೆನ್ನು ಮೂಸಿದರು. "ಗಿಣ್ಣದ ವಾಸನಿ ಬರ್ಲಿಕತ್ತದ. ಏನ್ ಮಾಡೀರಿ ಇಬ್ಬರೂ?"

ನಮ್ಮವರು ಬಾಯಿ ತೆರೆಯುವ ಮೊದಲೇ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಪುಟಾಣಿಯಿಂದ ಹಿಡಿದು, ಬಾಡಿದ ಲಿಂಬೆಯ ಮೇಲೆ ಹಾದು, ಕರುವಿನ ಮೂಗಿನವರೆಗೆ. ಅತ್ತೆ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೇಳಿದರು. ಕೊನೆಗೆ ಒಂದೇ ಪ್ರಶ್ನೆ.

"ಆ ವಜೀರಬೀ ಕಡೀತನಕ ಖಾಲಿ ಕೊಡ್ಲಿಲ್ಲ ಅಲ್ಲ?"

"ಇಲ್ರಿ. ನಾ ಎಷ್ಟು ಬೇಡ್ಕೊಂಡ್ರೂ ಕೊಡ್ಲಿಲ್ರಿ."

ಅತ್ತೆಯ ಮುಖದಲ್ಲಿ ನಗು ಮೂಡಿತು. "ಬಿಎಸ್ಸಿ ಓದ್ಯಾಳೇನು ಆಕಿ?"

ಸಂಜೆ ಗಿಣ್ಣ ಕುದಿಯಿತು, ಭಾತಂಬ್ರಾದ ಬೆಲ್ಲ, ಒಂದಿಷ್ಟು ಏಲಕ್ಕಿ ಹಾಕಿ. ಗುಲಶನ ಆಪಾರ ಮನೆಗೆ ಒಂದು ಬಟ್ಟಲು ಹೋಯಿತು. ಅತ್ತೆ ತಮ್ಮ ಡಬ್ಬಿಯನ್ನು ಮತ್ತೆ ಕೈಗೆತ್ತಿಕೊಂಡರು. ಸದ್ಯ, ಮಾಡಕ್ಕೆ ಹೋಗುತ್ತದೆ ಎಂದುಕೊಂಡೆ. ಇಲ್ಲ! ಉದಗೀರದಿಂದ ತಂದ, ಬಾಣಂತಿಗೆಂದು ಮಾಡಿದ್ದ ಅಳವಿ ಬೀಜದ ಉಂಡಿಗಳನ್ನು ಕಂಠದವರೆಗೆ ತುಂಬಿದರು.

"ನಾಳಿ ಮಕ್ಬೂಲನ ಗಾಡ್ಯಾಗ ಚಿಂತಾಕಿಗಿ ಕಳಸು."

"ಅತ್ತಿ! ಈ ಡಬ್ಬಿಯಾಗ? ಇದನ್ನ ತರ್ಲಿಕ್ಕೇ ನಾ ಇವತ್ತ..."

"ಮತ್ತ ಬರ್ತದ ಬಿಡು. ಆಕಿ ಖಾಲಿ ಕಳಸಾಕಿ ಅಲ್ಲ, ಇಟ್ಕೊಳ್ಳಾಕೀನೂ ಅಲ್ಲ. ಅಂಥಾಕಿ ಕೈಯಾಗ ನನ್ನ ಹೆಸರು ನಾಕು ದಿವಸ ಇದ್ರ ಏನಾಗ್ತದ?"

ಆಮೇಲೆ ನನ್ನ ಫೋನು ತೆಗೆದುಕೊಂಡು ಗುಂಪಿಗೆ ಧ್ವನಿ ಸಂದೇಶ ಹಾಕಿದರು. "ಜೈಭೀಮ್ ರಿ, ಸಲಾಂ ರಿ, ನಮಸ್ಕಾರ ರಿ ಎಲ್ಲಾರಿಗೂ. ನಾ ಸುಭದ್ರಾಬಾಯಿ. ಡಬ್ಬಿ ಇಟ್ಕೊಂಡು ಯಾರೂ ಸಂಕಟ ಪಡಬ್ಯಾಡ್ರಿ. ಒಂದು ಹಳಕು ಬೆಲ್ಲ ಹಾಕ್ರಿ, ಕಳಸ್ರಿ, ಸಾಕು. ಅದಕ್ಕ ತಿರಗ ಏನೂ ಬರಾಂಗಿಲ್ಲ. ಪ್ರೀತಿಗಿ ಲೆಕ್ಕ ಇರಾಂಗಿಲ್ಲ."

ಹದಿನೆಂಟು ಸೆಕೆಂಡು! ನನ್ನ ಎಂಟು ನಿಯಮಗಳು ಅಷ್ಟರಲ್ಲಿ ಕರಗಿ ಆವಿಯಾದವು. ಐದೇ ನಿಮಿಷದಲ್ಲಿ ಗುಲಶನ ಆಪಾ ಗುಂಪಿನ ಹೆಸರನ್ನು 'ಸುಭದ್ರಾಬಾಯಿ ಬಳಗ' ಎಂದು ಬದಲಿಸಿದರು. ಎಲ್ಲರೂ ಚಪ್ಪಾಳೆಯ ಚಿತ್ರ ಕಳಿಸಿದರು. ಎಮ್ಮೆಯನ್ನೂ ಕೇಳಿದ್ದರೆ ಅದೂ ಕಳಿಸುತ್ತಿತ್ತು.

ಮಂಗಳವಾರದ ಹೊತ್ತಿಗೆ ಮಕ್ಬೂಲ ಭಾಯಿ ನಮ್ಮ ಕಟ್ಟೆಯ ಮೇಲೆ ಮೂವತ್ತೊಂದು ಡಬ್ಬಿ ಇಳಿಸಿದರು. ಒಂದೂ ಖಾಲಿ ಇರಲಿಲ್ಲ. ಬೆಲ್ಲ, ಸಕ್ಕರೆ, ಕೊಬ್ಬರಿ ಬಟ್ಟಲು, ಹಸಿ ಶೇಂಗಾ. ಭಾತಂಬ್ರಾದ ಡಬ್ಬಿಯಲ್ಲಿ ಒಂದು ಲಿಂಬೆಹಣ್ಣು, ಹೊಸದು. ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬಂದವರ ಜೊತೆ ಮಾತಾಡುತ್ತಿದ್ದರು. ನಾನು ಹಿತ್ತಲಲ್ಲಿ ಬೂದಿ, ನಾರು ಹಿಡಿದು ಹದಿನಾರನೇ ಡಬ್ಬಿ ತಿಕ್ಕುತ್ತಿದ್ದೆ. ನಮ್ಮವರು ಚಹಾ ಹಿಡಿದು ಬಂದು ನಿಂತರು.

"ಹೇಳ್ರಿ," ಎಂದೆ, ಬೆವರು ಒರೆಸಿಕೊಳ್ಳುತ್ತ. "ಗ್ರೂಪು ಕಟ್ಟಿದಾಕಿ ನಾ. ನಿಯಮ ಬರದಾಕಿ ನಾ. ಈಗ ಅದರಾಗ ನಾ ಯಾರ್ರಿ?"

ಅವರು ನಿಧಾನವಾಗಿ ಒಂದು ಗುಟುಕು ಕುಡಿದರು.

"ನಿಂಗ ದೊಡ್ಡ ಬಡ್ತಿ ಸಿಕ್ಕದ. ಅವ್ವ ಈಗಷ್ಟೇ ಹೊರಗ ಎಲ್ಲಾರಿಗೂ ಹೇಳ್ಲಿಕತ್ತಿದ್ಲು, ನಿನ್ನ ಮ್ಯಾಲ ಭರೋಸಾ ಬಂದದ ಅಂತ."

ನನ್ನ ಕಣ್ಣು ತುಂಬಿ ಬಂತು. "ಖರೇನಾ? ಏನಂದ್ರು?"

"ಇನ್ನ ಮ್ಯಾಲ ತನ್ನ ಡಬ್ಬಿನೂ ನಿನ್ನ ಕಡಿಂದನೇ ತೊಳಸ್ತಾಳಂತ."